ಚಂದುರ್ತಿಯ ಜೋಳದ ಹೊಲ: ಮೇಜಿನ ಮೇಲೆ ಯುದ್ಧವಾಡುವ ಮಿತ್ರರಿಗೆ ಬಹಿರಂಗ ಪತ್ರ

ವಿಶಾಖಪಟ್ಟಣ ಮತ್ತು ವಿಜಯವಾಡಗಳ ಕನ್ನಡ ಮಿತ್ರರೆ,

ಬಂದರು, ನೌಕಾನೆಲೆ, ಉಕ್ಕಿನ ಕಾರ್ಖಾನೆಗಳ ಉದ್ಯೋಗಕ್ಕಾಗಿ ವಿಶಾಖಪಟ್ಟಣಕ್ಕೂ, ರೈಲ್ವೆ ಮತ್ತು ವ್ಯಾಪಾರದ ನಿಮಿತ್ತವಾಗಿ ವಿಜಯವಾಡಕ್ಕೂ ಬಂದು ನೆಲೆಸಿ, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಆಡುತ್ತ, ಬಿಡುವಿನ ದಿನಗಳಲ್ಲಿ ಮೇಜಿನ ಮೇಲೆ ಹಸಿರು ಬಟ್ಟೆಯನ್ನು ಹಾಸಿ, ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ಸಿಪಾಯಿಗಳನ್ನು ಸಾಲುಗೂಡಿಸಿ, ಟೇಪು ಹಿಡಿದು ಇಂಚು ಇಂಚಾಗಿ ಅಳೆದು, ದಾಳವನ್ನು ಉರುಳಿಸಿ ಹಳೆಯ ಕಾಳಗಗಳನ್ನು ಮತ್ತೊಮ್ಮೆ ಕಟ್ಟಿನೋಡುವ ನಿಮ್ಮೆಲ್ಲರನ್ನೂ ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಬರೆಯಬಹುದಾಗಿತ್ತು. ಆದರೆ ಎರಡು ಊರುಗಳ ನಡುವೆ ಎದ್ದಿರುವ ವಿವಾದವು ಈಗ ಒಬ್ಬಿಬ್ಬರದಾಗಿ ಉಳಿದಿಲ್ಲ. ಬರುವ ಡಿಸೆಂಬರಿನಲ್ಲಿ ನಾವು ಕೂಡಿ ಚಂದುರ್ತಿಯ ಯುದ್ಧವನ್ನು ಆಡಬೇಕೆಂದು ಗೊತ್ತುಮಾಡಿಕೊಂಡಿರುವುದರಿಂದ, ಅದಕ್ಕೆ ಮುಂಚೆಯೇ ಇದನ್ನು ಬಗೆಹರಿಸಿಕೊಳ್ಳುವುದು ಅವಶ್ಯವೆಂದು ನನಗೆ ತೋರುತ್ತದೆ.

ವಿವಾದವು ದೃಷ್ಟಿರೇಖೆ ಮತ್ತು ಮರೆಗಳಿಗೆ ಸಂಬಂಧಿಸಿದ್ದು. ಒಂದು ತುಕಡಿಯು ಇನ್ನೊಂದನ್ನು ಕಾಣಬಲ್ಲುದೇ, ಕಂಡರೆ ಎಷ್ಟರಮಟ್ಟಿಗೆ ಕಾಣುತ್ತದೆ, ನಡುವೆ ಇರುವ ಗೋಡೆಯೋ ಗಿಡವೋ ಗುಂಡನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವಲ್ಲಿ ವಿಜಯವಾಡದ ಮಿತ್ರರು ಹಿಡಿದಿರುವ ಮಾರ್ಗ ಒಂದು, ವಿಶಾಖಪಟ್ಟಣದವರು ಹಿಡಿದಿರುವ ಮಾರ್ಗ ಇನ್ನೊಂದು. ಮೊದಲಿನವರು ಮೇಜಿನ ಅಂಚಿಗೆ ಗಲ್ಲವನ್ನಾನಿಸುವಷ್ಟು ಬಾಗಿ, ಬೊಂಬೆಯ ತಲೆಯ ಹಿಂದೆ ತಮ್ಮ ಕಣ್ಣನ್ನಿಟ್ಟು, ಅಲ್ಲಿಂದ ಏನು ಕಾಣುತ್ತದೆಯೋ ಅದೇ ಸತ್ಯವೆನ್ನುತ್ತಾರೆ. ಸಂದೇಹ ಬಂದಲ್ಲಿ ಲೇಸರ್ ಪಾಯಿಂಟರಿನ ಕೆಂಪು ಚುಕ್ಕೆಯನ್ನು ಸಾಕ್ಷಿಗೆ ಕರೆಯುತ್ತಾರೆ. ಎರಡನೆಯವರು ತೋಪಿಗೆ, ಹೊಲಕ್ಕೆ, ಪಾಳುಮನೆಗೆ ಬಟ್ಟೆಯ ಮೇಲೆ ಒಂದು ಎಲ್ಲೆಯನ್ನು ಗೆರೆಯೆಳೆದು, ಆ ಎಲ್ಲೆಯನ್ನು ದಾಟಿ ದೃಷ್ಟಿ ಹೋಗದು, ಎಲ್ಲೆಯ ಅಂಚಿನಲ್ಲಿ ನಿಂತವನು ಮಾತ್ರ ಹೊರಗೆ ನೋಡಬಲ್ಲ ಮತ್ತು ಹೊರಗಿನವರಿಗೆ ಕಾಣಬಲ್ಲ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳುತ್ತಾರೆ. ಚಂದುರ್ತಿಯಂಥ ಐತಿಹಾಸಿಕ ಕಾಳಗವನ್ನು ಆಡುವಾಗಲಾದರೂ ಎರಡನೆಯ ಮಾರ್ಗವೇ ಯುಕ್ತವೆಂಬುದೂ, ಆದರೆ ಅದೊಂದೇ ಸಾಲದು, ಕಾಣದಂತೆ ಮಾಡುವ ಮರೆಯನ್ನೂ ಗುಂಡನ್ನು ತಡೆಯುವ ಆಸರೆಯನ್ನೂ ನಾವು ಬೇರೆಬೇರೆ ಲೆಕ್ಕದಲ್ಲಿಡಬೇಕೆಂಬುದೂ ನನ್ನ ಅಭಿಪ್ರಾಯ. ಇದಕ್ಕೆ ಕಾರಣಗಳನ್ನು ಆ ಯುದ್ಧದಿಂದಲೇ ತೆಗೆದು ತೋರಿಸುತ್ತೇನೆ.

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋಗುವ ರೈಲಿನಲ್ಲಿ ಅನ್ನವರಂ ದಾಟಿ ಪಿಠಾಪುರಕ್ಕೆ ಬರುವ ಮುನ್ನ ಗೊಲ್ಲಪ್ರೋಲು ಎಂಬ ನಿಲ್ದಾಣವು ಸಿಗುತ್ತದೆ. ಚಂದುರ್ತಿಯು ಆ ಸೀಮೆಯ ಒಂದು ಹಳ್ಳಿ. ಇಂಗ್ಲಿಷರ ಗ್ರಂಥಗಳಲ್ಲಿ ಕಾಂಡೋರ್ ಎಂಬ ಹೆಸರಿನಿಂದ ಕಾಣಿಸುವ ಯುದ್ಧವು 1758ರ ಡಿಸೆಂಬರಿನಲ್ಲಿ ಅಲ್ಲಿ ನಡೆಯಿತು. ಉತ್ತರ ಸರ್ಕಾರುಗಳಲ್ಲಿ ಫ್ರೆಂಚರ ಆಳ್ವಿಕೆಯನ್ನು ಗಟ್ಟಿಮಾಡಿದ್ದ ಬುಸಿಯನ್ನು ಫ್ರೆಂಚರ ಸೇನಾಧಿಪತಿ ಲಾಲಿಯು ದಕ್ಷಿಣಕ್ಕೆ ಹಿಂದಕ್ಕೆ ಕರೆಸಿಕೊಂಡು, ಕಾನ್‌ಫ್ಲಾನ್ಸ್ ಎಂಬವನ ಕೈಗೆ ಆ ಸೀಮೆಯನ್ನು ಒಪ್ಪಿಸಿದ್ದನು. ಸಮಯವನ್ನು ನೋಡಿ ವಿಜಯನಗರಂ ಸಂಸ್ಥಾನದ ಆನಂದ ಗಜಪತಿ ರಾಜನು ವಿಶಾಖಪಟ್ಟಣವನ್ನು ಫ್ರೆಂಚರಿಂದ ಕಿತ್ತುಕೊಂಡು ಇಂಗ್ಲಿಷರಿಗೆ ಸಹಾಯಕ್ಕೆ ಬರುವಂತೆ ಹೇಳಿಕಳುಹಿಸಿದನು. ಬಂಗಾಳದಿಂದ ಕ್ಲೈವನು ಕರ್ನಲ್ ಫೋರ್ಡನ ಕೈಕೆಳಗೆ ಸೈನ್ಯವನ್ನು ಹಡಗೇರಿಸಿದನು. ಅಕ್ಟೋಬರಿನಲ್ಲಿ ವಿಶಾಖಪಟ್ಟಣದಲ್ಲಿ ಇಳಿದ ಫೋರ್ಡನು ರಾಜನ ಪಡೆಯನ್ನು ಕೂಡಿಕೊಂಡು ದಕ್ಷಿಣಾಭಿಮುಖವಾಗಿ ನಡೆದು ಬಂದಾಗ ಅವನ ಬಳಿ ಸುಮಾರು 470 ಮಂದಿ ಐರೋಪ್ಯ ಕಾಲಾಳುಗಳು, 1900ರಷ್ಟು ಸಿಪಾಯಿಗಳು ಮತ್ತು 6 ಫಿರಂಗಿಗಳು ಇದ್ದವು. ಎದುರಿಗೆ ಕಾನ್‌ಫ್ಲಾನ್ಸನ ಬಳಿ ಐರೋಪ್ಯರು ಸುಮಾರು 500, ಸಿಪಾಯಿಗಳು ಸುಮಾರು 6000, ಫಿರಂಗಿಗಳಂತೂ ಫೋರ್ಡನವುಗಳಿಗಿಂತ ಹಲವು ಪಟ್ಟು.

ಯುದ್ಧವನ್ನು ನಿರ್ಣಯಿಸಿದ್ದು ಈ ಸಂಖ್ಯೆಗಳಲ್ಲ, ಒಂದು ಜೋಳದ ಹೊಲ. ಫೋರ್ಡನು ತನ್ನ ಐರೋಪ್ಯ ಪಟಾಲಮನ್ನು ಮಧ್ಯದಲ್ಲಿಯೂ ಸಿಪಾಯಿಗಳನ್ನು ಎರಡು ಪಕ್ಕಗಳಲ್ಲಿಯೂ ನಿಲ್ಲಿಸಿದ್ದನು; ಮಧ್ಯದ ಎದುರಿಗೆ ಆಳುದ್ದಕ್ಕಿಂತ ಎತ್ತರವಾಗಿ ಬೆಳೆದು ನಿಂತ ಜೋಳದ ಪೈರು ಆ ಪಟಾಲಮನ್ನು ಫ್ರೆಂಚರ ಕಣ್ಣಿಗೆ ಸಂಪೂರ್ಣವಾಗಿ ಮರೆಮಾಡಿತ್ತು. ಇದಕ್ಕೆ ಇನ್ನೊಂದು ಸಂಗತಿ ಕೂಡಿಕೊಂಡಿತು. ಬಂಗಾಳದಿಂದ ಬಂದ ಸಿಪಾಯಿಗಳು ಕೆಂಪು ಅಂಗಿಯವರು, ಕ್ಲೈವನು 1757ರಲ್ಲಿ ಕಟ್ಟಿದ ಲಾಲ್ ಪಲ್ಟನ್ನಿನ ಸಂಪ್ರದಾಯದವರು. ದಕ್ಷಿಣದಲ್ಲಿ ಇಂಥ ಉಡುಪಿನ ಸಿಪಾಯಿಗಳನ್ನು ನೋಡಿ ರೂಢಿಯಿಲ್ಲದ ಫ್ರೆಂಚರು, ಫೋರ್ಡನ ಎಡಪಕ್ಕದಲ್ಲಿ ಕಂಡ ಕೆಂಪು ಸಾಲನ್ನೇ ಇಂಗ್ಲಿಷರ ಐರೋಪ್ಯ ಪಟಾಲಮೆಂದು ಭಾವಿಸಿ, ತಮ್ಮ ಉತ್ತಮ ಪಡೆಯನ್ನೆಲ್ಲ ಅದರ ಮೇಲೆ ತಿರುಗಿಸಿದರು. ಸಿಪಾಯಿಗಳ ಸಾಲು ಮುರಿಯಿತು. ಗೆದ್ದೆವೆಂದು ಫ್ರೆಂಚರು ಬೆನ್ನಟ್ಟಿದರು. ಬೆನ್ನಟ್ಟುವ ಆ ಸಡಗರದಲ್ಲಿ ಅವರ ಪಕ್ಕವು ಜೋಳದ ಹೊಲಕ್ಕೆ ತೆರೆದುಕೊಂಡಿತು. ಪೈರಿನ ಮರೆಯಿಂದ ಹೊರಬಂದ ನಿಜವಾದ ಐರೋಪ್ಯ ಪಟಾಲಮು ಸಮೀಪದಿಂದ ಹಾರಿಸಿದ ಗುಂಡಿನ ಸುರಿಮಳೆಗೆ ಅವರು ನಿಲ್ಲಲಾರದೆ ಹೋದರು. ಅನಂತರದ್ದೆಲ್ಲ ಅದರ ಪರಿಣಾಮವೇ: ಫಿರಂಗಿಗಳು ಕೈಸೇರಿದ್ದು, ಶಿಬಿರವು ಬಿದ್ದದ್ದು, ರಾಜಮಹೇಂದ್ರವರವು ವಶವಾದದ್ದು, ಕಡೆಗೆ 1759ರ ಏಪ್ರಿಲಿನ ಒಂದು ರಾತ್ರಿ ಮಚಿಲೀಪಟ್ಟಣದ ಕೋಟೆಯನ್ನು ಲಗ್ಗೆಯಿಂದ ಹಿಡಿದದ್ದು. ಕೃಷ್ಣಾ ತೀರದವರೆಗಿನ ಈ ಕರಾವಳಿಯಲ್ಲಿ ಯಾರ ಮಾತು ನಡೆಯಬೇಕೆಂಬುದು ಒಂದು ಹೊಲದ ಬೆಳೆಯ ಎತ್ತರವನ್ನು ಇಷ್ಟರಮಟ್ಟಿಗೆ ಅವಲಂಬಿಸಿತ್ತೆಂದರೆ, ಮೇಜಿನ ಮೇಲೆ ಆ ಹೊಲವನ್ನು ನಾವು ಹೇಗೆ ಇಡುತ್ತೇವೆಂಬ ಪ್ರಶ್ನೆಯು ಕ್ಷುಲ್ಲಕವಾದುದೆಂದು ಯಾರೂ ಹೇಳಲಾರರು.

ಈಗ ಆ ಹೊಲವನ್ನು ಮೇಜಿನ ಮೇಲೆ ನೋಡೋಣ. ನಮ್ಮಲ್ಲಿ ಎಲ್ಲರೂ ಹೊಲವನ್ನು ಮಾಡುವುದು ತೆಂಗಿನ ನಾರಿನ ಕಾಲೊರಸಿನಿಂದ. ಅಗ್ಗವಾಗಿ ಸಿಗುತ್ತದೆ, ಚೂರಿಯಿಂದ ಬೇಕಾದ ಆಕಾರಕ್ಕೆ ಕತ್ತರಿಸಬಹುದು, ತುದಿಗೆ ಸ್ವಲ್ಪ ಹಳದಿ ಬಣ್ಣವನ್ನು ಸವರಿದರೆ ಬೆಳೆದ ಪೈರಿನ ಭ್ರಾಂತಿಯನ್ನು ಚೆನ್ನಾಗಿಯೇ ಹುಟ್ಟಿಸುತ್ತದೆ. ಆದರೆ ಆ ನಾರಿನ ಎತ್ತರ ಹೆಚ್ಚೆಂದರೆ 15 ಮಿಲಿಮೀಟರ್. ನಮ್ಮ ಸಿಪಾಯಿಯ ಎತ್ತರ 28 ಮಿಲಿಮೀಟರ್. ಅದರ ಮೇಲೆ ಅವನು ನಿಂತ ಪೀಠದ ದಪ್ಪ ಎರಡು ಮೂರು ಮಿಲಿಮೀಟರ್. ನಾರಿನ ನಡುವೆ ಪೀಠವು ಇಳಿಯುವುದಿಲ್ಲವಾದ್ದರಿಂದ ಬೊಂಬೆಯನ್ನು ನಾರಿನ ಮೇಲೆಯೇ ನಿಲ್ಲಿಸಬೇಕಾಗುತ್ತದೆ. ಆಗ ಏನಾಯಿತು? ಕಾನ್‌ಫ್ಲಾನ್ಸನ ಬೊಂಬೆಯ ಹಿಂದೆ ಬಾಗಿ ಕಣ್ಣಿಟ್ಟವರಿಗೆ ಫೋರ್ಡನ ಪಟಾಲಮು ಮರೆಯಾಗಿ ಕಾಣುವುದಿರಲಿ, ವೇದಿಕೆಯ ಮೇಲೆ ಹತ್ತಿ ನಿಂತಂತೆ ಕಾಣುತ್ತದೆ. ಕಣ್ಣೇ ಪ್ರಮಾಣವೆಂಬ ನಿಯಮದ ಪ್ರಕಾರ ಫ್ರೆಂಚರು ಮೊದಲ ಸುತ್ತಿನಲ್ಲಿಯೇ ಆ ಪಟಾಲಮಿನ ಮೇಲೆ ಫಿರಂಗಿಗಳನ್ನೆಲ್ಲ ತಿರುಗಿಸಬಹುದು. ತಿರುಗಿಸಲಿಲ್ಲವೆಂದರೆ ಆಡುವವನು ದಡ್ಡನೆನ್ನಿಸಿಕೊಳ್ಳುತ್ತಾನೆ. ಯಾವ ಕಾರಣದಿಂದ ಯುದ್ಧವು ಆ ರೀತಿ ನಡೆಯಿತೋ ಆ ಕಾರಣವನ್ನೇ ನಿಯಮವು ಅಳಿಸಿಹಾಕಿದ ಮೇಲೆ, ಅಂಗಿಗಳಿಗೆ ಎಷ್ಟು ಶ್ರದ್ಧೆಯಿಂದ ಬಣ್ಣ ಹಚ್ಚಿದ್ದರೇನು, ಅಲ್ಲಿ ನಡೆಯುವುದು ಚಂದುರ್ತಿಯ ಯುದ್ಧವಲ್ಲ.

ಕಾಲೊರಸಿಗೆ ಬದಲಾಗಿ ಉದ್ದನೆಯ ಪ್ಲಾಸ್ಟಿಕ್ ಹುಲ್ಲನ್ನು ತರಿಸಿದರೆ ಸರಿಹೋಗುವುದೆಂದು ವಿಜಯವಾಡದ ಮಿತ್ರರೊಬ್ಬರು ಹೇಳಿದರೆಂದು ಕೇಳಿದೆ. ಒಂದು ಹೊಲದ ಮಟ್ಟಿಗೆ ಸರಿಹೋದೀತು. ಆದರೆ ದೋಷವು ಸಾಮಗ್ರಿಯಲ್ಲಿಲ್ಲ, ಅಳತೆಯಲ್ಲಿದೆ. ಇದನ್ನು ಸ್ವಲ್ಪ ವಿವರಿಸಬೇಕಾಗಿದೆ. ನಮ್ಮ ಸಿಪಾಯಿಯು ನಿಜವಾದ ಮನುಷ್ಯನ ಅರುವತ್ತನೆಯ ಒಂದು ಪಾಲಿನಷ್ಟು ಎತ್ತರ. ಅದೇ ಅಳತೆಯನ್ನು ನೆಲಕ್ಕೂ ಇಟ್ಟುಕೊಂಡಿದ್ದರೆ, ನೂರು ಗಜ ದೂರಕ್ಕೆ ಹಾರುವ ಮಸ್ಕೆಟಿನ ಗುಂಡು ಮೇಜಿನ ಮೇಲೆ ಐದು ಅಡಿ ಹೋಗಬೇಕಾಗುತ್ತಿತ್ತು, ಯುದ್ಧವನ್ನಾಡಲು ಕಲ್ಯಾಣಮಂಟಪವನ್ನೇ ಬಾಡಿಗೆಗೆ ಹಿಡಿಯಬೇಕಾಗುತ್ತಿತ್ತು. ಆದುದರಿಂದ ನಾವು ನೂರು ಗಜವನ್ನು ಒಂದು ಅಡಿಗೆ ಇಳಿಸಿದ್ದೇವೆ. ಎಂದರೆ ನೆಲದ ಅಳತೆ ಮುನ್ನೂರರಲ್ಲಿ ಒಂದು, ಮನುಷ್ಯನ ಅಳತೆ ಅರುವತ್ತರಲ್ಲಿ ಒಂದು. ಎತ್ತರವನ್ನು ಮಾತ್ರ ಹಿಗ್ಗಿಸಿ ದೂರವನ್ನು ಕುಗ್ಗಿಸಿದ್ದರಿಂದಲೇ ದೃಷ್ಟಿರೇಖೆಯು ಕೆಡುವುದಿಲ್ಲವೆಂಬುದನ್ನು ರೇಖಾಗಣಿತ ಬಲ್ಲವರು ಒಪ್ಪುತ್ತಾರೆ. ಎಲ್ಲ ಎತ್ತರಗಳನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದ್ದರೆ ನೇರವಾದ ಗೆರೆ ನೇರವಾಗಿಯೇ ಉಳಿದು, ಕಾಣುತ್ತಿದ್ದುದು ಕಾಣುತ್ತಲೂ ಮರೆಯಾದದ್ದು ಮರೆಯಾಗಿಯೂ ಇರುತ್ತಿತ್ತು. ಆದರೆ ನಾವು ಹಾಗೆ ಮಾಡಿಲ್ಲ. ಇಪ್ಪತ್ತು ಮೀಟರ್ ಎತ್ತರದ ಒಂದು ದಿಣ್ಣೆಯು ಸಿಪಾಯಿಯ ಅಳತೆಯಲ್ಲಿ ಒಂದು ಅಡಿಗಿಂತ ಎತ್ತರವಾಗಬೇಕಿತ್ತು. ನಮ್ಮ ಥರ್ಮಾಕೋಲಿನ ದಿಣ್ಣೆ ನಾಲ್ಕು ಬೆರಳು. ಇದು ಎತ್ತರದ ಸುಳ್ಳು. ಅಗಲದ ಸುಳ್ಳು ಇದಕ್ಕಿಂತ ದೊಡ್ಡದು: ಹತ್ತು ಸೆಂಟಿಮೀಟರ್ ಅಗಲದ ಗುಡಿಸಲು ನೆಲದ ಅಳತೆಯಲ್ಲಿ ಮೂವತ್ತು ಮೀಟರ್ ಆಗಿ, ಅರಮನೆಯೊಂದು ಮಾಡಬಹುದಾದಷ್ಟು ಮರೆಯನ್ನು ಮಾಡುತ್ತದೆ.

ಇನ್ನೂ ಒಂದು ಮಾತಿದೆ. ಫೋರ್ಡನ 470 ಐರೋಪ್ಯರಿಗೆ ನಾವು 24 ಬೊಂಬೆಗಳನ್ನು ಇಡುತ್ತೇವೆ, ಎಂದರೆ ಒಂದು ಬೊಂಬೆ ಇಪ್ಪತ್ತು ಮಂದಿಗೆ ಪ್ರತಿನಿಧಿ. ಬೊಂಬೆಯ ತಲೆಯ ಹಿಂದೆ ಕಣ್ಣಿಟ್ಟು ನೋಡುವವರು ಆ ಇಪ್ಪತ್ತು ಮಂದಿಯಲ್ಲಿ ಯಾರ ಕಣ್ಣಿನಿಂದ ನೋಡುತ್ತಿದ್ದಾರೆ? ಶಿಲ್ಪಿಯು ಒಬ್ಬನನ್ನು ಮೊಳಕಾಲೂರಿ ಕುಳಿತಂತೆಯೂ ಇನ್ನೊಬ್ಬನನ್ನು ಬಾವುಟವನ್ನೆತ್ತಿ ನಿಂತಂತೆಯೂ ಎರಕಹೊಯ್ದಿದ್ದಾನೆ. ಕುಳಿತವನ ಇಪ್ಪತ್ತು ಮಂದಿಗೆ ಗೋಡೆಯಾಚೆ ಏನೂ ಕಾಣದು, ನಿಂತವನ ಬಾವುಟದ ತುದಿಯು ಕಂಡಿತೆಂದು ಅವನ ಇಪ್ಪತ್ತು ಮಂದಿ ಗುಂಡಿಗೆ ಗುರಿಯಾಗಬೇಕು ಎಂದರೆ, ಅದು ಯುದ್ಧದ ನ್ಯಾಯವೂ ಅಲ್ಲ, ಆಟದ ನ್ಯಾಯವೂ ಅಲ್ಲ. ಒಂದೊಂದು ಬೊಂಬೆಯೂ ಒಬ್ಬೊಬ್ಬ ಮನುಷ್ಯನೇ ಆಗಿರುವ ಸಣ್ಣ ಚಕಮಕಿಯ ಆಟಗಳಲ್ಲಿ ಬಾಗಿ ನೋಡುವ ಪದ್ಧತಿಗೆ ಒಂದು ಅರ್ಥವಿದೆ, ಸೊಗಸೂ ಇದೆ. ಅಲ್ಲಿಯೂ ಸ್ಪೇನ್ ದೇಶದವರ ಇನ್‌ಫಿನಿಟಿ ಎಂಬ ಆಟದಲ್ಲಿ ಬೊಂಬೆಯ ಭಂಗಿಯನ್ನು ಲೆಕ್ಕಿಸದೆ, ಪ್ರತಿಯೊಬ್ಬನಿಗೂ ಗೊತ್ತಾದ ಎತ್ತರ ಅಗಲಗಳ ಒಂದು ಛಾಯಾಕೃತಿಯನ್ನು ನಿಗದಿಮಾಡಿರುವುದನ್ನು ನೀವು ಬಲ್ಲಿರಿ.

ಬಾಗಿ ನೋಡುವ ಪದ್ಧತಿಯ ಪೂರ್ವಜರು ಗೌರವಸ್ಥರೇ ಎಂಬುದನ್ನು ನಾನು ಮರೆತಿಲ್ಲ. 1913ರಲ್ಲಿ ಎಚ್. ಜಿ. ವೆಲ್ಸ್ ತನ್ನ ಲಿಟಲ್ ವಾರ್ಸ್ ಎಂಬ ಪುಸ್ತಕವನ್ನು ಪ್ರಕಟಿಸಿದಾಗ ಈ ಜಗಳಕ್ಕೆ ಅವಕಾಶವೇ ಇರಲಿಲ್ಲ. ಏಕೆಂದರೆ ಅವನ ಆಟದಲ್ಲಿ ಸ್ಪ್ರಿಂಗಿನ ಆಟಿಕೆ ಫಿರಂಗಿಯು ನಿಜವಾಗಿಯೇ ಮರದ ಗುಂಡನ್ನು ಹಾರಿಸುತ್ತಿತ್ತು, ನೆಲದ ಮೇಲೆ ಮಲಗಿ ಗುರಿಯಿಡುತ್ತಿದ್ದವನಿಗೆ ಕಂಡದ್ದು ಕಂಡಿತು, ತಾಗಿದ್ದು ತಾಗಿತು, ಗೋಡೆಗೆ ಬಡಿದದ್ದು ಬಿತ್ತು. ಗುಂಡು ಹೋಗಿ ದಾಳ ಬಂದಂದಿನಿಂದ ಆ ಸರಳತೆಯು ಹೊರಟುಹೋಯಿತು. ಆಮೇಲೆ ಬಂದ ಗ್ರಂಥಕರ್ತರು ಒಬ್ಬೊಬ್ಬರು ಒಂದೊಂದು ಉಪಾಯವನ್ನು ಹುಡುಕಿದರು. ವಾರ್‌ಹ್ಯಾಮರ್ 40,000 ಆಟವಂತೂ ಈ ಎರಡು ಮಾರ್ಗಗಳ ನಡುವೆ ಓಲಾಡುತ್ತಲೇ ಬಂದಿದೆ: 2004ರ ಆವೃತ್ತಿಯಲ್ಲಿ ಕಾಡು ಮೊದಲಾದವುಗಳಿಗೆ ಎಲ್ಲೆಯನ್ನೂ ಗಾತ್ರದ ದರ್ಜೆಯನ್ನೂ ಗೊತ್ತುಮಾಡಿದವರೇ 2008ರಲ್ಲಿ ಬೊಂಬೆಯ ಕಣ್ಣೇ ಪ್ರಮಾಣವೆಂದರು, 2020ರ ಹೊತ್ತಿಗೆ ಎತ್ತರದ ಪಾಳುಕಟ್ಟಡಗಳ ಕಿಟಕಿಯ ತೂತಿನಲ್ಲಿ ಲೇಸರ್ ತೂರಿಸುವವರ ಕಾಟವನ್ನು ತಾಳಲಾರದೆಯೋ ಏನೋ, ಎಲ್ಲೆಯಿಂದಲೇ ದೃಷ್ಟಿಯನ್ನು ತಡೆಯುವ ನಿಯಮವನ್ನು ಮರಳಿ ತಂದರು.

ಮರೆ ಮತ್ತು ಆಸರೆಗಳ ವ್ಯತ್ಯಾಸಕ್ಕೆ ಬರುತ್ತೇನೆ. ನನ್ನ ಮನಸ್ಸಿನಲ್ಲಿ ಅತ್ಯಂತ ಮುಖ್ಯವಾದುದು ಇದೇ. ಜೋಳದ ದಂಟು ಕಣ್ಣನ್ನು ತಡೆಯುತ್ತದೆ, ಸೀಸದ ಗುಂಡನ್ನು ತಡೆಯಲಾರದು. ಹಳ್ಳಿಯ ಅಂಚಿನ ಮಣ್ಣಿನ ಮೋಟುಗೋಡೆಯು ಎದೆಯಿಂದ ಕೆಳಗೆ ಗುಂಡನ್ನು ತಡೆಯುತ್ತದೆ, ಅದರ ಹಿಂದೆ ನಿಂತವನನ್ನು ಕಾಣದಂತೆ ಮಾಡಲಾರದು. ನಮ್ಮ ನಿಯಮಪುಸ್ತಕಗಳಲ್ಲಿ ಬಹುಪಾಲು ಈ ಎರಡನ್ನೂ ಕವರ್ ಎಂಬ ಒಂದೇ ಚೀಲಕ್ಕೆ ತುಂಬಿರುತ್ತವೆ. ಯಾವ ಪುಸ್ತಕವು ಏನನ್ನು ಮನಸ್ಸಿನಲ್ಲಿಟ್ಟುಕೊಂಡಿದೆ ಎಂಬುದನ್ನು ತಿಳಿಯುವುದಕ್ಕೆ, ಅದು ಯಾರ ದಾಳವನ್ನು ಮುಟ್ಟುತ್ತದೆ ಎಂದು ನೋಡಿದರೆ ಸಾಕು. ಬೋಲ್ಟ್ ಆ್ಯಕ್ಷನ್ ಆಟವು 2012ರಲ್ಲಿ ಬಂದಾಗ ಗಿಡಪೊದೆಗಳ ಮರೆಗೆ ಒಂದನ್ನೂ ಕಲ್ಲುಗೋಡೆಯ ಮರೆಗೆ ಎರಡನ್ನೂ ಹೊಡೆಯುವವನ ದಾಳದಿಂದ ಕಳೆಯಿತು. ಎಂದರೆ ಅಲ್ಲಿ ಆಸರೆಯೂ ಮರೆಯ ವೇಷದಲ್ಲಿಯೇ ಬರುತ್ತದೆ. ವಾರ್‌ಹ್ಯಾಮರಿನ 2023ರ ಆವೃತ್ತಿಯು ಹೊಡೆಯುವವನನ್ನು ಬಿಟ್ಟು, ಹೊಡೆಸಿಕೊಳ್ಳುವವನು ತನ್ನ ಕವಚಕ್ಕಾಗಿ ಉರುಳಿಸುವ ದಾಳಕ್ಕೆ ಒಂದನ್ನು ಕೂಡಿಸುತ್ತದೆ. ಅಲ್ಲಿ ಮರೆಯೂ ಆಸರೆಯೇ. ಇನ್‌ಫಿನಿಟಿಯಲ್ಲಿ ಹೊಡೆಯುವವನಿಗೆ ಮೂರು ಕಳೆದು ಹೊಡೆಸಿಕೊಳ್ಳುವವನಿಗೆ ಮೂರು ಕೂಡಿಸುವುದರಿಂದ ಎರಡೂ ಒಟ್ಟಿಗೆ ಸಿಗುತ್ತವೆ, ಆದರೆ ಒಂದನ್ನು ಬಿಟ್ಟು ಇನ್ನೊಂದು ಸಿಗದು. ಈ ಮೂರು ವಿಧಾನಗಳಲ್ಲಿ ಯಾವುದನ್ನು ಹಿಡಿದರೂ ಜೋಳದ ಹೊಲವೂ ಮಣ್ಣಿನ ಗೋಡೆಯೂ ಒಂದೇ ಜಾತಿಯ ವಸ್ತುಗಳಾಗಿಬಿಡುತ್ತವೆ. ಹೊಲದೊಳಗಿನ ಪಟಾಲಮನ್ನು ಶತ್ರುವು ಗೊತ್ತುಮಾಡಿಕೊಂಡು ಕುರುಡಾಗಿ ಫಿರಂಗಿ ಹಾರಿಸಿದನೆಂದರೆ, ಪೈರು ಆ ಪಟಾಲಮಿಗೆ ಎಳ್ಳಷ್ಟೂ ರಕ್ಷಣೆ ಕೊಡದು. ಅದು ಫೋರ್ಡನಿಗೂ ಗೊತ್ತಿದ್ದಿರಬೇಕು, ಅಂತೆಯೇ ಅವನು ಹೊಲದೊಳಗೆ ತಡಮಾಡದೆ ಸಮಯ ಬಂದೊಡನೆ ಹೊರಬಿದ್ದನು.

ತೋಪುಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ನಮ್ಮ ಮೇಜಿನ ಮೇಲಿನ ತಾಳೆಮರಗಳು ವಿಜಯವಾಡದ ಸಮೀಪದ ಕೊಂಡಪಲ್ಲಿಯಿಂದ ಬಂದವು, ಹಗುರವಾದ ಪೊಣಿಕಿ ಮರದಲ್ಲಿ ಕೆತ್ತಿ, ಹುಣಸೆಬೀಜದ ಅಂಟಿನಿಂದ ಕೀಲು ಕೂಡಿಸಿ, ಬಣ್ಣ ಬಳಿದವು; ಕೆಲವು ವರಾಹಾ ನದಿಯ ತೀರದ ಏಟಿಕೊಪ್ಪಾಕದ ಅರಗಿನ ಬಣ್ಣದವು, ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ದಾಯಾದಿಗಳೆನ್ನಬಹುದಾದವು. ಇವುಗಳನ್ನು ಕಂಡರೆ ನನಗೆ ವಿದೇಶದಿಂದ ತರಿಸಿದ ಯಾವ ಪ್ಲಾಸ್ಟಿಕ್ ಮರವನ್ನು ಕಂಡರೂ ಆಗದ ಸಂತೋಷವಾಗುತ್ತದೆ. ಆದರೆ ಕೊಂಡಪಲ್ಲಿಯ ಕುಶಲಿಯು ಮರವನ್ನು ಕೆತ್ತಿದ್ದು ದಸರೆಯ ಬೊಂಬೆಗಳ ಸಾಲಿಗೆ; ಅದರ ಕಾಂಡವು ಒಬ್ಬ ಸಿಪಾಯಿಯಷ್ಟು ದಪ್ಪ. ನಿಜವಾದ ತಾಳೆಯ ತೋಪಿನಲ್ಲಿ ಕಣ್ಣಿನ ಮಟ್ಟದಲ್ಲಿ ಇರುವುದು ಬರಿಯ ಕಂಬಗಳ ಸಾಲು, ನೂರು ಹೆಜ್ಜೆಯಾಚೆಯ ಎಮ್ಮೆಯೂ ಕಾಣುತ್ತದೆ. ಬಾಗಿ ನೋಡುವವರಿಗೆ ಒಂದು ಕಾಂಡದ ಹಿಂದೆ ಇಪ್ಪತ್ತು ಮಂದಿ ಅಡಗಿಬಿಡುತ್ತಾರೆ. ಆದುದರಿಂದ ಕಂದುಬಣ್ಣದ ಬಟ್ಟೆಯ ತುಂಡೇ ತೋಪು, ಮರಗಳು ಅದರ ಅಲಂಕಾರ, ತುಕಡಿಯು ಒಳಕ್ಕೆ ಬಂದಾಗ ಮರಗಳನ್ನು ಎತ್ತಿ ಪಕ್ಕಕ್ಕಿಡತಕ್ಕದ್ದು, ತೋಪಿನ ಮೂಲಕ ಆರು ಇಂಚಿನವರೆಗೆ ದೃಷ್ಟಿ ಹರಿಯುತ್ತದೆ ಎಂದು ಬರೆದುಕೊಂಡರೆ ವಾದಕ್ಕೆ ಎಡೆಯಿರುವುದಿಲ್ಲ.

ಬೆಟ್ಟಗಳ ಮಾತು ಬಂದರೆ ಕನ್ನಡಿಗರಾದ ನಮಗೆ ಕೊಂಡಪಲ್ಲಿಯೆಂಬುದು ಬೊಂಬೆಗಳ ಊರು ಮಾತ್ರವಲ್ಲ. ಒಡಿಶಾದ ಗಜಪತಿ ಅರಸರ ಮೇಲೆ ದಂಡೆತ್ತಿ ಹೋದ ಕೃಷ್ಣದೇವರಾಯನು ಉದಯಗಿರಿ ಕೊಂಡವೀಡುಗಳ ತರುವಾಯ ಮುತ್ತಿಗೆ ಹಾಕಿ ಹಿಡಿದ ಗಿರಿದುರ್ಗ ಅದು; ಅಲ್ಲಿಂದ ಮುಂದೆ ನಡೆದು ವಿಶಾಖಪಟ್ಟಣದ ಪಕ್ಕದ ಸಿಂಹಾಚಲದಲ್ಲಿ 1516ರಲ್ಲಿ ಅವನು ಹಾಕಿಸಿದ ಶಾಸನವು ಇಂದಿಗೂ ಇದೆ. ನಿಮ್ಮ ಎರಡು ಊರುಗಳನ್ನೂ ಒಂದೇ ದಂಡಯಾತ್ರೆಯು ಕೂಡಿಸಿತ್ತೆಂಬುದು ನಿಮಗೆ ಅಭಿಮಾನದ ಸಂಗತಿಯಾಗಬೇಕು. ಅದನ್ನು ಒಂದಲ್ಲ ಒಂದು ದಿನ ಆಡೋಣ. ಗಿರಿದುರ್ಗದ ಮುತ್ತಿಗೆಯಲ್ಲಿ ನೆನಪಿಡಬೇಕಾದುದು ಇಷ್ಟೆ: ಮೇಲೆ ಇರುವವನಿಗೆ ಎಲ್ಲವೂ ಕಾಣುವುದೆಂಬುದು ತಪ್ಪು, ದೂರದ ಬಯಲು ಕಾಣುತ್ತದೆ, ತನ್ನ ಗೋಡೆಯ ಬುಡದ ಇಳಿಜಾರು ಕಾಣುವುದಿಲ್ಲ, ಮುತ್ತಿಗೆ ಹಾಕಿದವರು ಬೇರೂರುವುದು ಆ ಕಾಣದ ಜಾಗದಲ್ಲಿಯೇ. ನಮ್ಮ ಮೆಟ್ಟಿಲುಮೆಟ್ಟಿಲಾದ ಥರ್ಮಾಕೋಲಿನ ಬೆಟ್ಟದಲ್ಲಿ ಆ ಇಳಿಜಾರೇ ಇಲ್ಲವಾದ್ದರಿಂದ, ಅದನ್ನೂ ಗೆರೆಯಿಂದಲೇ ಗೊತ್ತುಮಾಡಬೇಕು.

ವಿಶಾಖಪಟ್ಟಣದಲ್ಲಿ ಹಡಗುಗಳ ಕಾಳಗವನ್ನಾಡುವ ಕೆಲವರು ಇದ್ದೀರಿ. ಇವೆಲ್ಲ ನೆಲದವರ ರಗಳೆಯೆಂದು ನೀವು ನಿಶ್ಚಿಂತರಾಗಿರಬೇಡಿ. ಸಮುದ್ರದಲ್ಲಿ ಭೂಮಿಯ ಗುಂಡುತನವೇ ಮರೆ. ನೀರಿನ ಮಟ್ಟದಿಂದ 9 ಮೀಟರ್ ಎತ್ತರದಲ್ಲಿ ನಿಂತವನಿಗೆ ದಿಗಂತವು ಸುಮಾರು 11 ಕಿಲೋಮೀಟರ್ ದೂರ. 36 ಮೀಟರ್ ಎತ್ತರದ ಕಂಬವುಳ್ಳ ಹಡಗಿನ ತುದಿಯು ಅವನಿಗೆ ಸುಮಾರು 32 ಕಿಲೋಮೀಟರಿನಿಂದಲೇ ಕಾಣತೊಡಗುತ್ತದೆ, ಒಡಲು ಇನ್ನೂ ಮುಳುಗಿಯೇ ಇರುತ್ತದೆ. ಫ್ರೆಡ್ ಜೇನ್ 1898ರಲ್ಲಿ ತನ್ನ ನೌಕಾಯುದ್ಧದ ಆಟವನ್ನು ಪ್ರಕಟಿಸಿದ ಕಾಲದಿಂದಲೂ ಹಡಗಿನ ಆಕಾರವನ್ನು ನೋಡಿ ಅದು ಯಾವುದೆಂದು ಗುರುತಿಸುವುದೇ ಆ ವಿದ್ಯೆಯ ಅರ್ಧ ಭಾಗ. ಮೇಜು ಮಾತ್ರ ಚಪ್ಪಟೆ, ಅಲ್ಲಿ ಬಾಗಿ ನೋಡಿದರೆ ಎಲ್ಲ ಹಡಗುಗಳೂ ಎಲ್ಲ ಹಡಗುಗಳಿಗೂ ಕಾಣುತ್ತವೆ.

ಗುರುತಿಸುವುದು ಎಂದೆನಲ್ಲವೆ, ಚಂದುರ್ತಿಯ ಕಷ್ಟಗಳಲ್ಲಿ ದೊಡ್ಡದು ಅದೇ. ಫ್ರೆಂಚರಿಗೆ ಮಧ್ಯದ ಪಟಾಲಮು ಕಾಣಲಿಲ್ಲ ಎಂಬುದು ಅರ್ಧ ಕಥೆ. ಎಡಪಕ್ಕದ ಸಿಪಾಯಿಗಳು ಚೆನ್ನಾಗಿ ಕಂಡರು, ಕಂಡರೂ ಬೇರೆಯವರಾಗಿ ಕಂಡರು. ಯಾವ ದೃಷ್ಟಿರೇಖೆಯ ನಿಯಮವೂ ಇದನ್ನು ಹಿಡಿಯಲಾರದು. ನಾವೆಲ್ಲರೂ ಮೇಜಿನ ಸುತ್ತ ನಿಂತು ಕುರುಕ್ಷೇತ್ರವನ್ನು ಸಂಜಯನಂತೆ ಒಮ್ಮೆಗೇ ಕಾಣುತ್ತೇವೆ. ಆದರೆ ಆಡಬೇಕಾದದ್ದು ಧೂಳಿನ ನಡುವೆ ನಿಂತ ದಂಡನಾಯಕನ ಪಾತ್ರ. ಸಂಜಯನಿಗೆ ಎಲ್ಲವೂ ಕಾಣುತ್ತಿತ್ತು, ಆದರೆ ಅವನ ಪಾತ್ರ ಕಂಡದ್ದನ್ನು ಹೇಳುವವನದು. ಕಾಣುವವನನ್ನೂ ಕಾದುವವನನ್ನೂ ಬೇರೆಯಾಗಿಡುವ ಈ ವಿವೇಕವನ್ನು ಆಟದೊಳಕ್ಕೆ ತಂದವರು ಪ್ರಷ್ಯದವರು. ಅಪ್ಪ ರೈಸ್‌ವಿಟ್ಜನು ರಾಜನಿಗಾಗಿ ಮಾಡಿಸಿಕೊಟ್ಟ ಯುದ್ಧದ ಮೇಜನ್ನು ಸುಧಾರಿಸಿ ಮಗ ರೈಸ್‌ವಿಟ್ಜನು 1824ರಲ್ಲಿ ನಿಯಮಗಳನ್ನು ಅಚ್ಚುಹಾಕಿಸಿದಾಗ, 1:8000 ಅಳತೆಯ ನಕ್ಷೆಯ ಪಕ್ಕದಲ್ಲಿ ಒಬ್ಬ ಮಧ್ಯಸ್ಥನನ್ನು ಕೂರಿಸಿದನು. ಎರಡೂ ಕಡೆಯವರು ತಮ್ಮ ಆಜ್ಞೆಗಳನ್ನು ಅವನಿಗೆ ಬರೆದುಕೊಡುವರು, ಎದುರಾಳಿಗೆ ಕಾಣಲು ಸಾಧ್ಯವಿಲ್ಲದ ತುಕಡಿಯು ನಕ್ಷೆಯ ಮೇಲೆ ಬರುವುದೇ ಇಲ್ಲ. ಇನ್ನೂರು ವರ್ಷಗಳಾದರೂ ಇದಕ್ಕಿಂತ ಒಳ್ಳೆಯ ಉಪಾಯವನ್ನು ಯಾರೂ ಕಂಡುಹಿಡಿದಂತೆ ತೋರುವುದಿಲ್ಲ.

ಆದರೆ ಮಧ್ಯಸ್ಥನನ್ನು ನೇಮಿಸಿದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯದು. ಈ ಪತ್ರವನ್ನು ಓದಿದ ಪ್ರತಿಯೊಬ್ಬರಿಗೂ ಐರೋಪ್ಯ ಪಟಾಲಮು ಜೋಳದ ಹಿಂದೆ ಇದೆಯೆಂದು ಗೊತ್ತು. ಇತಿಹಾಸವನ್ನು ಓದಿದವನ ಕಣ್ಣು ಪೈರನ್ನು ತೂರಿಕೊಂಡು ಹೋಗುತ್ತದೆ. ಇದಕ್ಕೆ ನನಗೆ ಹೊಳೆದ ಪರಿಹಾರವು ಹೀಗಿದೆ. ಇಂಗ್ಲಿಷರ ಕಡೆಯವನು ತನ್ನ ಕೆಂಪಂಗಿಯ ಮೂರು ಭಾಗಗಳಲ್ಲಿ ಐರೋಪ್ಯರು ಯಾವುದೆಂಬುದನ್ನು ತನಗೆ ತೋರಿದಂತೆ ಗೊತ್ತುಮಾಡಿ, ಒಂದು ಚೀಟಿಯಲ್ಲಿ ಬರೆದು, ಮಡಿಸಿ ಮಧ್ಯಸ್ಥನ ಕೈಗೆ ಕೊಡಲಿ. ಮೂರೂ ಭಾಗಗಳಿಗೆ ಒಂದೇ ಬಗೆಯ ಬೊಂಬೆಗಳಿರಲಿ, ಬಾವುಟಗಳನ್ನು ತೆಗೆದಿಡಲಿ. ಹೊಲದ ಹಿಂದೆ ನಿಂತ ಭಾಗವು ಮೇಜಿನ ಮೇಲೆ ಬರುವುದು ಬೇಡ, ಅದು ಮಧ್ಯಸ್ಥನ ಕಾಗದದಲ್ಲಿಯೇ ಇರಲಿ. ಫ್ರೆಂಚರ ತುಕಡಿಯೊಂದು ಹೊಲದ ಅಂಚಿನಿಂದ ನಾಲ್ಕು ಇಂಚಿನೊಳಗೆ ಬಂದಾಗಲೋ, ಒಳಗಿನವರು ಹೊರಬಂದು ಗುಂಡು ಹಾರಿಸಿದಾಗಲೋ ಮಾತ್ರ ಬೊಂಬೆಗಳನ್ನು ಇಡತಕ್ಕದ್ದು. ಫ್ರೆಂಚನು ಒಂದು ಕೆಂಪು ಸಾಲನ್ನು ಗುಂಡಿನಿಂದಲೋ ಬಯೊನೆಟ್ಟಿನಿಂದಲೋ ಮುಟ್ಟಿದ ಮೇಲೆಯೇ ಅದು ಯಾರೆಂಬುದನ್ನು ಮಧ್ಯಸ್ಥನು ಹೇಳಲಿ. ಹೊಲದೊಳಕ್ಕೆ ಕುರುಡಾಗಿ ಹಾರಿಸಬಯಸಿದವನಿಗೆ ಹಾರಿಸಲು ಬಿಡಬೇಕು; ತಾಗುವ ಸಂಭವವನ್ನು ಅರ್ಧಕ್ಕೆ ಇಳಿಸಬೇಕು, ತಾಗಿದ ಮೇಲೆ ಪೈರಿನ ಹೆಸರಿನಲ್ಲಿ ಯಾವ ವಿನಾಯಿತಿಯನ್ನೂ ಕೊಡಕೂಡದು. ಮಣ್ಣಿನ ಗೋಡೆಗೆ ಇದರ ವಿಪರ್ಯಾಯ: ಕಾಣುವುದಕ್ಕೆ ಅಡ್ಡಿಯಿಲ್ಲ, ತಾಗಿದವುಗಳಲ್ಲಿ ಅರ್ಧ ಗೋಡೆಯ ಪಾಲು.

ಬಾಗಿ ನೋಡುವುದರಲ್ಲಿ ಒಂದು ಆನಂದವಿದೆ ಎಂದು ವಿಜಯವಾಡದ ಮಿತ್ರರು ಹೇಳುವುದನ್ನು ನಾನು ಹೃತ್ಪೂರ್ವಕವಾಗಿ ಒಪ್ಪುತ್ತೇನೆ. ಬಣ್ಣ ಹಚ್ಚಿದ ಸಾಲಿನ ಮಟ್ಟಕ್ಕೆ ಕಣ್ಣನ್ನಿಳಿಸಿದಾಗ ಮೇಜು ಮಾಯವಾಗಿ ಬಯಲು ಕಾಣಿಸುವ ಆ ಕ್ಷಣಕ್ಕಾಗಿಯೇ ನಾವೆಲ್ಲ ಇಷ್ಟು ಹೊತ್ತು ಕುಳಿತು ಗುಂಡಿಗಳಿಗೆ ಬಿಳಿ ಚುಕ್ಕೆಯಿಡುತ್ತೇವೆ. ಆ ಆನಂದವನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ತೀರ್ಪನ್ನು ಮಾತ್ರ ಅದರ ಮೇಲೆ ನಿಲ್ಲಿಸಬೇಡಿರೆಂದು ಕೇಳಿಕೊಳ್ಳುತ್ತೇನೆ.

ಹೊಗೆಯ ವಿಷಯವೊಂದು ಉಳಿದಿದೆ. ಕಪ್ಪು ಮದ್ದಿನ ಕಾಲದಲ್ಲಿ ಒಂದು ಸಾಲು ಒಮ್ಮೆ ಗುಂಡು ಹಾರಿಸಿತೆಂದರೆ ಅದರ ಮುಂದೆ ಹೊಗೆಯ ಗೋಡೆಯೇ ಏಳುತ್ತಿತ್ತು, ಗಾಳಿಯಿಲ್ಲದ ದಿನ ಅದು ಬೇಗ ಚದುರುತ್ತಿರಲಿಲ್ಲ. ಹಾರಿಸಿದ ತುಕಡಿಯ ಮುಂದೆ ಅರಳೆಯ ತುಣುಕನ್ನಿಟ್ಟು, ಮುಂದಿನ ಸುತ್ತಿನ ಕೊನೆಯವರೆಗೆ ಅದರ ಮೂಲಕ ಹಾರಿಸುವ ಇಬ್ಬರ ದಾಳದಿಂದಲೂ ಒಂದನ್ನು ಕಳೆಯಬೇಕೆಂದು ನಾನು ಸೂಚಿಸುತ್ತೇನೆ. ಅದು ಆಟವನ್ನು ತೀರ ನಿಧಾನಗೊಳಿಸುವುದೆಂದು ಕೆಲವರು ಹೇಳಿದ್ದಾರೆ, ಆಡಿನೋಡಿ ತೀರ್ಮಾನಿಸೋಣ. ಮಧ್ಯಸ್ಥನಾಗಿ ಕೂರಲು ಒಪ್ಪುವವರು ನವೆಂಬರ್ ಮುಗಿಯುವುದರೊಳಗೆ ತಿಳಿಸಬೇಕು, ಏಕೆಂದರೆ ಅವರಿಗೆ ನಕ್ಷೆಯ ಪ್ರತಿಯೊಂದನ್ನು ಮುಂಚಿತವಾಗಿ ಕಳುಹಿಸಬೇಕಾಗುತ್ತದೆ. ಹೊಲದ ಎಲ್ಲೆಯನ್ನು ಎಷ್ಟು ಅಗಲ ಎಳೆಯಬೇಕೆಂಬುದನ್ನು ವಿಜಯವಾಡದವರಿಗೇ ಬಿಟ್ಟಿದ್ದೇನೆ. ಎರಡು ಸಾಲಾಗಿ ನಿಂತ 24 ಬೊಂಬೆಗಳು ಒಂದು ಅಡಿ ಜಾಗವನ್ನು ಹಿಡಿಯುತ್ತವೆಂಬುದನ್ನು ಮಾತ್ರ ಅವರು ಮನಸ್ಸಿನಲ್ಲಿಡಲಿ, ಅದಕ್ಕಿಂತ ಕಿರಿದಾದರೆ ಪಟಾಲಮಿನ ಎರಡೂ ತುದಿಗಳು ಹೊರಗೆ ಕಾಣುತ್ತವೆ.

ಇತಿ,
ನಿಮ್ಮೊಡನೆ ಮೇಜಿಗೆ ನಿಲ್ಲುವ ಒಬ್ಬ ಮಿತ್ರ